ವಾಡಿ ಜಂಕ್ಷನ್ನಿನಿಂದ ಚೆನ್ನೈ ಅಕಾಡೆಮಿಗೆ

ಶಹಾಬಾದ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಮನೆಯ ನೆಲ, ಅಂಗಳ, ಕಟ್ಟೆ ಎಲ್ಲವೂ ಫರಸಿ ಕಲ್ಲೇ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದಕಲ್ಲು ಇದು. ಪದರಗುಂಟ ಎದ್ದು ಬರುವುದರಿಂದ ಹಾಸುಗಲ್ಲಾಗಿ ದೂರದೂರಕ್ಕೆ ಹೋಯಿತು. ವಾಡಿ, ಮಳಖೇಡಗಳಲ್ಲಿ ಅದೇ ಸುಣ್ಣದಕಲ್ಲು ಸಿಮೆಂಟಾಯಿತು. ಹೀಗಾಗಿ ಮಗ ಮುಂದೇನಾಗಬೇಕು ಎಂದು ಕೇಳಿದರೆ ಇಲ್ಲಿನ ಪಾಲಕರ ಉತ್ತರ ಸಿದ್ಧವಾಗಿರುತ್ತದೆ: ಫ್ಯಾಕ್ಟರಿ, ರೈಲ್ವೆ, ಇಲ್ಲವೆ ಮಾಸ್ತರಿಕೆ. ಸೈನ್ಯದ ಅಧಿಕಾರಿ ಎಂದರೆ, “ಅದು ಕೊಡಗಿನವರಿಗೆ ಬಿಡ್ರಿ ಸರ” ಎಂದು ನಗುತ್ತಾರೆ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡಿಗೆ ಆ ಮರ್ಯಾದೆ ಸಲ್ಲತಕ್ಕದ್ದೇ. ಆದರೆ ಆ ದಾರಿ ನಮ್ಮ ಊರಿನ ಕಾಲೇಜು ಮೈದಾನದಿಂದಲೂ ಹೊರಡುತ್ತದೆಂಬುದು ಅನೇಕ ಮನೆಗಳಿಗೆ ಗೊತ್ತೇ ಇಲ್ಲ.

ಶಹಾಬಾದ ದಾಟಿದರೆ ವಾಡಿ. ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳಿಗೆ ಇಲ್ಲಿ ಸಿಕಂದರಾಬಾದಿನ ಹಳಿ ಕೂಡುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ದಾರಿ ಅದು. ಗಾಡಿ ಬದಲಿಸುವವರು ಇಲ್ಲೇ ಇಳಿಯಬೇಕು. ಮುಂದೆ ಹೋದ ಮೇಲೆ ನೆನಪಾದರೆ ಉಪಯೋಗವಿಲ್ಲ. ಪದವಿ ಕಾಲೇಜಿನ ಮೊದಲ ವರ್ಷವೂ ಇಂಥದೇ ಒಂದು ಜಂಕ್ಷನ್ನು. ಎನ್.ಸಿ.ಸಿ. ಹಿರಿಯ ವಿಭಾಗಕ್ಕೆ ಹೆಸರು ಕೊಡಬೇಕಾದದ್ದು ಆಗಲೇ. ಎರಡು ವರ್ಷದ ಕವಾಯತು, ಶಿಬಿರ ಮುಗಿಸಿದರೆ ‘ಬಿ’ ಪ್ರಮಾಣಪತ್ರದ ಪರೀಕ್ಷೆ, ಮೂರನೆಯ ವರ್ಷ ‘ಸಿ’. “ಮೊದಲು ಟ್ಯೂಷನ್ ಆಗಲಿ, ಎನ್.ಸಿ.ಸಿ. ಮುಂದಿನ ವರ್ಷ ನೋಡೋಣ” ಎಂದವನಿಗೆ ಪದವಿ ಮುಗಿಯುವುದರೊಳಗೆ ‘ಸಿ’ ಕೈಗೆ ಬರುವುದು ಕಷ್ಟ.

ಆ ಕಾಗದಕ್ಕೆ ಇರುವ ಬೆಲೆ ಸಾಮಾನ್ಯದ್ದಲ್ಲ. ಭೂಸೇನೆಯಲ್ಲಿ ಎನ್.ಸಿ.ಸಿ. ವಿಶೇಷ ಪ್ರವೇಶ ಎಂಬ ಯೋಜನೆ ಇದೆ. ‘ಸಿ’ಯಲ್ಲಿ ಕನಿಷ್ಠ ‘ಬಿ’ ಶ್ರೇಣಿ, ಪದವಿಯಲ್ಲಿ ಶೇ. 50 ಅಂಕ, 19ರಿಂದ 25ರೊಳಗಿನ ವಯಸ್ಸು ಇದ್ದರೆ ಲಿಖಿತ ಪರೀಕ್ಷೆಯಿಲ್ಲದೆ ಅರ್ಜಿ ಹಾಕಬಹುದು. ಅರ್ಜಿಗಳನ್ನು ಸೋಸಿ, ಆಯ್ದವರನ್ನು ನೇರವಾಗಿ ಸೇವಾ ಆಯ್ಕೆ ಮಂಡಳಿಗೆ, ಅಂದರೆ ಎಸ್.ಎಸ್.ಬಿ.ಗೆ ಕರೆಯುತ್ತಾರೆ. ಅಂತಿಮ ವರ್ಷದಲ್ಲಿ ಓದುತ್ತಿರುವವರಿಗೂ ಅವಕಾಶವುಂಟು. ಮೊದಲ ಸಲ ಹೋಗುವವರಿಗೆ ರೈಲಿನ ಖರ್ಚನ್ನು ಸರ್ಕಾರವೇ ಕೊಡುತ್ತದೆ. ಬಡ ಪಾಲಕರು ಇದನ್ನು ಗಮನಿಸಬೇಕು.

ಮಂಡಳಿಯ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಐದು ದಿನದ ಪರೀಕ್ಷೆ. ಮೊದಲ ದಿನವೇ ಬುದ್ಧಿಶಕ್ತಿಯ ಪ್ರಶ್ನೆಗಳು, ಒಂದು ಮಸುಕಾದ ಚಿತ್ರ ತೋರಿಸಿ ಕಥೆ ಬರೆಸುವುದು, ಅದರ ಮೇಲೆ ಗುಂಪುಚರ್ಚೆ. ಇದರಲ್ಲಿ ಉಳಿಯದವರು ಅಂದೇ ಗಂಟು ಕಟ್ಟುತ್ತಾರೆ. ಉಳಿದವರಿಗೆ ಮನೋವಿಜ್ಞಾನದ ಪರೀಕ್ಷೆ, ಹಗ್ಗ ಹಲಗೆ ಹಿಡಿದು ಗುಂಪಾಗಿ ಅಡೆತಡೆ ದಾಟುವ ಕೆಲಸ, ಸಂದರ್ಶನ. ಬಾಯಿಪಾಠ ಇಲ್ಲಿ ನಡೆಯುವುದಿಲ್ಲ. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನೂರಕ್ಕೆ ತೊಂಬತ್ತು ತೆಗೆಯುವ ಮಕ್ಕಳು ನಾಲ್ವರ ನಡುವೆ ಬಾಯಿಬಿಡಲಾರದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಶಿಬಿರದಲ್ಲಿ ಅಪರಿಚಿತರೊಂದಿಗೆ ಹತ್ತು ದಿನ ಉಂಡು, ಮಲಗಿ, ಜಗಳಾಡಿ, ಕೂಡಿ ಬಂದವನು ಈ ವಿಷಯದಲ್ಲಿ ಅವರಿಗಿಂತ ಮುಂದೆ.

ವಾಡಿಯಿಂದ ಸಿಕಂದರಾಬಾದಿನ ಗಾಡಿ ಹತ್ತಿದರೆ ಚಿತ್ತಾಪುರ. ಊರಿಗೆ ಹೊಂದಿಕೊಂಡೇ ನಾಗಾವಿ. 1058ರ ಶಾಸನ ಇಲ್ಲಿದ್ದ ಘಟಿಕಾಸ್ಥಾನವನ್ನು, ಎಂದರೆ ಆ ಕಾಲದ ಕಾಲೇಜನ್ನು, ಹೇಳುತ್ತದೆ. ಗ್ರಂಥಗಳನ್ನು ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು ಬೇರೆ ಇದ್ದರು. ಅದನ್ನು ಕಟ್ಟಿಸಿದವನು ಚಾಲುಕ್ಯ ಸೋಮೇಶ್ವರನ ದಂಡನಾಯಕ ಮಧುಸೂದನ. ವಿದ್ಯೆ ಒಂದು ಕಡೆ, ದಂಡು ಒಂದು ಕಡೆ ಎಂದು ಭಾವಿಸುವವರು ಒಮ್ಮೆ ಇಲ್ಲಿನ ಕಂಬಗಳ ನಡುವೆ ಓಡಾಡಿ ಬರಲಿ.

ಇನ್ನೊಂದು ಸಂಗತಿ. ಎನ್.ಸಿ.ಸಿ. ಉದ್ಘಾಟನೆಯಾದದ್ದು 1948ರ ಜುಲೈ 15ರಂದು. ಆ ದಿನ ಈ ಐದೂ ಊರುಗಳು ಭಾರತದಲ್ಲಿ ಇರಲಿಲ್ಲ! ಹೈದರಾಬಾದ್ ಸಂಸ್ಥಾನ ಶರಣಾದದ್ದು ಸೆಪ್ಟೆಂಬರ್ 17ಕ್ಕೆ. ನಾವು ತಡವಾಗಿ ಗಾಡಿ ಹತ್ತಿದವರು. ಆದರೆ ಅದನ್ನೇ ಎಷ್ಟು ಕಾಲ ನೆಪ ಹೇಳುವುದು?

ಮಳಖೇಡ ದಾಟಿ ಸೇಡಂ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿಯ ಮಾತು ಎಲ್ಲರೂ ಆಡುತ್ತಾರೆ, ನಾನು ಹೆಣ್ಣುಮಕ್ಕಳ ಮಾತು ಆಡುತ್ತೇನೆ. ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ 1992ರಿಂದಲೂ ಮಹಿಳೆಯರನ್ನು ಅಧಿಕಾರಿಗಳಾಗಿ ತರಬೇತುಗೊಳಿಸುತ್ತಿದೆ. ಈ ಯೋಜನೆಯಲ್ಲಿ ಅವರಿಗೆ ಸ್ಥಾನಗಳು ಕಡಿಮೆ, ನಿಜ. ಅದಕ್ಕಿಂತ ದೊಡ್ಡ ತೊಡಕು ಮನೆಯಲ್ಲಿದೆ: ಅರ್ಜಿ ಹಾಕುವವರು ಹುಡುಗನಾಗಲಿ ಹುಡುಗಿಯಾಗಲಿ ಅವಿವಾಹಿತರಾಗಿರಬೇಕು, ತರಬೇತಿ ಮುಗಿಯುವತನಕ ಮದುವೆಯಾಗುವಂತಿಲ್ಲ. ಎರಡನೆಯ ವರ್ಷದಲ್ಲೇ ಮಗಳಿಗೆ ವರ ನೋಡಲು ಹೊರಡುವ ತಂದೆ ಇದನ್ನು ತಿಳಿದಿರಲಿ.

“ಖರ್ಚು ಎಷ್ಟು ಬರ್ತದ್ರಿ?” ಎಂದು ಪಾಲಕರು ಕೇಳುತ್ತಾರೆ. ಚೆನ್ನೈನಲ್ಲಿ 49 ವಾರ ತರಬೇತಿ. ಅದರ ವೆಚ್ಚ ಸರ್ಕಾರದ್ದು, ಮೇಲೆ ತಿಂಗಳಿಗೆ 56,100 ರೂಪಾಯಿ ಭತ್ಯೆ. ಆನಂತರ ಲೆಫ್ಟಿನೆಂಟ್ ಪದವಿ. ಇದು ಅಲ್ಪಾವಧಿ ಸೇವೆ: ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು, ಯೋಗ್ಯರಿಗೆ ಕಾಯಂ ಆಗುವ ಅವಕಾಶ. ಮೂವತ್ತೈದಕ್ಕೆ ಹೊರಬಂದರೆ ಮುಂದೇನು ಎಂಬ ಚಿಂತೆ ಸಹಜ. ಅದನ್ನು ಮೊದಲೇ ಮಕ್ಕಳೊಂದಿಗೆ ಕೂತು ಮಾತಾಡುವುದು ಒಳ್ಳೆಯದು. ಎನ್.ಸಿ.ಸಿ. ಸೇರಿದ ಮಾತ್ರಕ್ಕೆ ಸೈನ್ಯಕ್ಕೆ ಹೋಗಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ.

ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಚಂದ್ರಂಪಳ್ಳಿಯ ಕಡೆ ಹೋದಂತೆ ಗುಡ್ಡ, ಕಾಡು, ಕೆಮ್ಮಣ್ಣು. ಎಲ್ಲ ಕಾಲೇಜುಗಳಲ್ಲೂ ಎನ್.ಸಿ.ಸಿ. ಘಟಕ ಇರುವುದಿಲ್ಲ, ಪ್ರವೇಶದ ದಿನವೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಸಿ.ಡಿ.ಎಸ್. ಪರೀಕ್ಷೆ ಇದೆ. ಕೇಂದ್ರ ಲೋಕಸೇವಾ ಆಯೋಗ ಅದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಚೆನ್ನೈ ಅಕಾಡೆಮಿ ಬಯಸುವವರಿಗೆ ಅದರಲ್ಲಿ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ ಪತ್ರಿಕೆ, ಗಣಿತವಿಲ್ಲ. ಓಟವಂತೂ ಎರಡು ದಾರಿಗೂ ಬೇಕು. 2.4 ಕಿ.ಮೀ. ದೂರವನ್ನು ಹುಡುಗರು ಹತ್ತೂವರೆ ನಿಮಿಷದಲ್ಲಿ ಓಡುವಷ್ಟು ತಯಾರಿ ಇರಲಿ. ನಮ್ಮ ಬೇಸಿಗೆಯಲ್ಲಿ ಅದಕ್ಕೆ ಸೂರ್ಯೋದಯಕ್ಕೆ ಮುಂಚೆಯೇ ಎದ್ದು ಹೊರಡಬೇಕು. ಚಿಂಚೋಳಿಯ ಏರು ರಸ್ತೆಗಳು ಆ ಹೊತ್ತಿಗೆ ಖಾಲಿಯೇ ಇರುತ್ತವೆ.