ನಮ್ಮ ಕ್ರಾಸಿನ ಚೇಂಬರ್ ಎಲ್ಲಿದೆ?

ಅಮ್ಮನ ಕಣ್ಣು ಹಳದಿಯಾಗಿರೋದನ್ನ ಮೊದಲು ನೋಡಿದ್ದು ನಾನಲ್ಲ, ಹಾಲು ಹಾಕೋ ಅಕ್ಕ. "ಏನ್ರೀ ಅಮ್ಮಾರೆ, ಕಣ್ಣಿಗೆ ಅರಿಶಿನ ಹಚ್ಚಿದಂಗೈತಲ್ರೀ" ಅಂದಳಂತೆ. ಅದೇ ಮನೆಯಲ್ಲಿ, ಹತ್ತು ಅಡಿ ಆಚೆ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನಗೆ ಅದು ಕಂಡಿರಲಿಲ್ಲ. ಒಂದು ವಾರದಿಂದ ಅಮ್ಮ ಸರಿಯಾಗಿ ಊಟ ಮಾಡ್ತಿರಲಿಲ್ಲ. "ಗ್ಯಾಸ್ಟ್ರಿಕ್ ಇರ್ಬೇಕು ಬಿಡಮ್ಮ" ಅಂತ ನಾನೇ ಮಾತ್ರೆ ಕೊಟ್ಟು ಮತ್ತೆ ಮೀಟಿಂಗ್‌ಗೆ ಕೂತಿದ್ದೆ.

ಆಸ್ಪತ್ರೆಗೆ ಹೊರಟೆವು. ನನ್ನ ಕಾರು ಮನೆ ಮುಂದೆಯೇ ಇತ್ತು. ಆದರೆ ಅದರ ಹಿಂದೆ ಯಾರದೋ ಕಾರು, ಮುಂದೆ ಬಟ್ಟೆ ಅಂಗಡಿಯವರ ಗೂಡ್ಸ್ ಆಟೋ. ಪ್ಯಾಸೆಂಜರ್ ಆಟೋ ಕರೆಸಿದರೆ ಅದೂ ಕ್ರಾಸ್ ಒಳಗೆ ಬರಲಿಲ್ಲ. ಎರಡೂ ಕಡೆ ಸಾಲಾಗಿ ಗಾಡಿಗಳು. ಅಪ್ಪಾಜಿ ಒಂದು ಕೈ, ನಾನು ಒಂದು ಕೈ ಹಿಡಿದು ಅಮ್ಮನನ್ನು ಮೂಲೆವರೆಗೆ ನಡೆಸಿಕೊಂಡು ಹೋದೆವು. ಐವತ್ತು ಹೆಜ್ಜೆ ಇರಬಹುದು. ಮಧ್ಯದಲ್ಲಿ ಎರಡು ಸಲ ಯಾರದೋ ಮನೆ ಕಟ್ಟೆ ಮೇಲೆ ಕೂರಿಸಬೇಕಾಯಿತು.

ನಮ್ಮದು ಮಧ್ಯ ಕರ್ನಾಟಕದ ಒಂದು ನಗರಸಭೆ ಊರು. ಹೆಸರು ಬೇಡ, ನಿಮ್ಮೂರೂ ಹೀಗೇ ಇರಬಹುದು. ಬೆಂಗಳೂರಿನ ಆಫೀಸಿಗೆ ತಿಂಗಳಿಗೆ ನಾಲ್ಕು ದಿನ ಬಂದರೆ ಸಾಕು ಅಂದಿದ್ದಕ್ಕೆ ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ಇರೋಣ ಅಂತ ವಾಪಸ್ ಬಂದೆ. ಬರುವಾಗ ಇಎಂಐನಲ್ಲಿ ತಗೊಂಡ ಕಾರೂ ಬಂತು. ಅಪ್ಪಾಜಿ ಮನೆ ಕಟ್ಟಿಸಿದಾಗ ಅವರಿಗಿದ್ದದ್ದು ಸೈಕಲ್. ಕಾರಿಗೆ ಜಾಗ ಎಲ್ಲಿಂದ ಬರಬೇಕು? ಎಲ್ಲರಂತೆ ನಾನೂ ರಸ್ತೆಯಲ್ಲೇ ನಿಲ್ಲಿಸಿದೆ. ವಾರಪೂರ್ತಿ ಅದು ಅಲ್ಲಾಡುತ್ತಿರಲಿಲ್ಲ. ಈ ನಡುವೆ ಪೇಟೆ ರಸ್ತೆ ಒನ್‌ವೇ ಆಗಿ, ನಮ್ಮ ಕ್ರಾಸ್ ಇಡೀ ಊರಿನ ಶಾರ್ಟ್‌ಕಟ್ ಆಗಿಬಿಟ್ಟಿತ್ತು.

ಡಾಕ್ಟರು ರಕ್ತ ಪರೀಕ್ಷೆ ನೋಡಿ ಹೇಳಿದ್ದು ಹೆಪಟೈಟಿಸ್ ಎ. ಕಲುಷಿತ ನೀರು, ಆಹಾರದಿಂದ ಬರುವ ಕಾಮಾಲೆ. ವೈರಸ್ ಒಳಗೆ ಹೋಗಿ ಎರಡರಿಂದ ಏಳು ವಾರ ಆದಮೇಲೆ ಕಾಣಿಸಿಕೊಳ್ಳುತ್ತೆ. ಮಕ್ಕಳಿಗಾದರೆ ಎಷ್ಟೋ ಸಲ ಗೊತ್ತೇ ಆಗದ ಹಾಗೆ ವಾಸಿಯಾಗುತ್ತೆ, ವಯಸ್ಸಾದವರಿಗೆ ಕಷ್ಟ. "ನಲ್ಲಿ ನೀರು ಕುಡೀತೀರಾ?" ಅಂತ ಕೇಳಿದರು. "ಇಲ್ಲ ಡಾಕ್ಟ್ರೇ, ಕ್ಯಾನ್ ನೀರು" ಅಂದೆ ಹೆಮ್ಮೆಯಿಂದ. ಅಮ್ಮ ಮೆಲ್ಲಗೆ ಹೇಳಿದಳು, "ಬಾಯಿ ಮುಕ್ಕಳಿಸೋದು ನಲ್ಲೀದೇ. ಕೋಸಂಬರಿಗೆ ಸೌತೆಕಾಯಿ ತೊಳೆಯೋದೂ ನಲ್ಲೀದೇ. ಕ್ಯಾನ್ ನೀರು ಬಾಯಿಗೆ ಸಪ್ಪೆ ಅಂತ ಒಂದೊಂದ್ಸಲ ಕುಡಿಯೋದೂ ಉಂಟು."

ನಮಗೆ ಮೂರು ದಿನಕ್ಕೊಮ್ಮೆ ಹೊಳೆ ನೀರು ಬಿಡುತ್ತಾರೆ. ಒಂದೆರಡು ತಿಂಗಳಿಂದ ಮೊದಲ ಹತ್ತು ನಿಮಿಷ ನೀರು ವಾಸನೆ ಬರುತ್ತಿತ್ತು. ಅಮ್ಮ ಹೇಳಿದ್ದಳು. ನಾನು ಫಿಲ್ಟರ್ ಕಂಪನಿಯ ಹುಡುಗನನ್ನು ಕರೆಸಿದ್ದೆ. ಅವನು ಪೆನ್ನಿನಂಥ ಮೀಟರ್ ಅದ್ದಿ, "ಟಿಡಿಎಸ್ 180 ಮೇಡಂ, ಸೂಪರ್ ನೀರು" ಅಂದಿದ್ದ. ಆಮೇಲೆ ನನಗೆ ತಿಳಿದದ್ದು, ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣದ ಲೆಕ್ಕ ಅಷ್ಟೇ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಆದರೆ ಬ್ಯಾಕ್ಟೀರಿಯಾ, ವೈರಸ್ ಆ ಮೀಟರ್‌ಗೆ ಕಾಣುವುದೇ ಇಲ್ಲ. ಚರಂಡಿ ನೀರು ಸ್ವಲ್ಪ ಬೆರೆತರೂ ಅದು 'ಸೂಪರ್' ಅಂತಲೇ ತೋರಿಸಬಹುದು.

ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ ಮೊಬೈಲ್‌ನಲ್ಲಿ ದೂರು ಹಾಕಿದೆ. ಫೋಟೋ, ಲೊಕೇಶನ್ ಎಲ್ಲ ಸಮೇತ. ನಾಲ್ಕನೇ ದಿನ ಮೆಸೇಜ್ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಅವತ್ತು ಬೆಳಿಗ್ಗೆಯೂ ನಲ್ಲಿಯಲ್ಲಿ ಅದೇ ವಾಸನೆ. ಮೈ ಉರಿದುಹೋಯಿತು. ಅರ್ಧ ದಿನ ರಜೆ ಹಾಕಿ ನಗರಸಭೆಗೆ ಹೋದೆ.

ನೀರಿನ ಶಾಖೆಯವರು ಅಂದರು, "ನಮ್ಮ ಮೇನ್ ಲೈನ್ ಸರಿ ಇದೆ ಮೇಡಂ. ನಿಮ್ಮ ಕ್ರಾಸಲ್ಲಿ ಯುಜಿಡಿ ಕಟ್ಕೊಂಡು ಚರಂಡಿಗೆ ಹರೀತಿರ್ಬೇಕು, ಆ ಟೇಬಲ್ ಕೇಳಿ." ಯುಜಿಡಿ ಟೇಬಲ್‌ನವರು ಅಂದರು, "ಜಟ್ಟಿಂಗ್ ಮಷಿನ್ ಒಳಗೆ ಹೋಗಲ್ಲ ಮೇಡಂ, ಬರೀ ಕಾರುಗಳು. ಪೊಲೀಸ್ನೋರ ಹತ್ರ ಹೇಳಿ ತೆಗೆಸಿ." ಸ್ಟೇಷನ್‌ನಲ್ಲಿ ಒಬ್ಬರು ತಾಳ್ಮೆಯಿಂದಲೇ ವಿವರಿಸಿದರು: ನೋ ಪಾರ್ಕಿಂಗ್ ಮಾಡಬೇಕಾದರೆ ಪ್ರಸ್ತಾವ ಹೋಗಬೇಕು, ಜಿಲ್ಲಾಧಿಕಾರಿಗಳ ಅಧಿಸೂಚನೆ ಆಗಬೇಕು, ಆಮೇಲೆ ಬೋರ್ಡ್ ಹಾಕಬೇಕು. "ಅದಕ್ಕೆ ಮೊದಲು ನಗರಸಭೆಯಿಂದ ಒಂದು ಪತ್ರ ಬರಲಿ." ಅಂದರೆ ನಾನು ಎಲ್ಲಿಂದ ಹೊರಟಿದ್ದೆನೋ ಅಲ್ಲಿಗೇ ಬಂದಿದ್ದೆ.

ರಾತ್ರಿ ಆಸ್ಪತ್ರೆಯಲ್ಲಿ ಕೂತು ಸಂವಿಧಾನದ ಹನ್ನೆರಡನೇ ಅನುಸೂಚಿ ಓದಿದೆ. 1992ರ 74ನೇ ತಿದ್ದುಪಡಿಯಲ್ಲಿ ಸೇರಿದ್ದು. ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯ ಅದರಲ್ಲಿವೆ. ರಸ್ತೆ, ನೀರು ಸರಬರಾಜು, ನೈರ್ಮಲ್ಯ, ಪಾರ್ಕಿಂಗ್ ಜಾಗ, ಎಲ್ಲ ಒಂದೇ ಪಟ್ಟಿಯಲ್ಲಿ. ಪಟ್ಟಿ ಮಾಡಿದವರಿಗೆ ಇವೆಲ್ಲ ಒಂದೇ ಬೀದಿಯ ಸಂಗತಿಗಳು ಅಂತ ಗೊತ್ತಿತ್ತು. ನಾನು ನೋಡಿದ ಟೇಬಲ್‌ಗಳಿಗೆ ಗೊತ್ತಿರಲಿಲ್ಲ.

ಕೊನೆಗೆ ವಾರ್ಡಿನ ಸದಸ್ಯೆಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಯಜಮಾನರು. ನಗು ಬಂತು, ಆದರೂ ಹೇಳಿದೆ. ಬೆಂಗಳೂರಿನ ಸ್ನೇಹಿತೆಗೆ ಇದನ್ನು ಹೇಳಿ ಗೊಣಗಿದರೆ ಅವಳು, "ನಿಮಗೆ ಫೋನ್ ಮಾಡೋಕೆ ಒಬ್ಬರಾದರೂ ಇದಾರಲ್ಲೇ" ಅಂದಳು. ನಿಜ. ಅಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಚುನಾವಣೆ ನಡೆಯದೆ ಐದು ವರ್ಷ ಕಳೆದು, 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳೇ ಆದವು.

ಮಾರನೇ ದಿನ ಬೆಳಿಗ್ಗೆ ನಮ್ಮ ನೀರುಗಂಟಿ ಬಂದರು. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನಮ್ಮ ಏರಿಯಾಗೆ ನೀರು ಬಿಡುತ್ತಿರುವವರು. ಬಾಗಿಲಲ್ಲಿ ನಿಂತು ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಅಲ್ಲಮ್ಮಾ, ಈ ಕ್ರಾಸಿನ ಚೇಂಬರ್ ಎಲ್ಲೈತೆ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಅವರು ಬಗ್ಗಿ ನನ್ನ ಕಾರಿನ ಕೆಳಗೆ ಕೈ ತೋರಿಸಿದರು.

"ಮೂರು ಸಲ ಬಂದೀವಿ ನಾವು. ಮೇಷ್ಟ್ರನ್ನ ಕೇಳು." ಅಪ್ಪಾಜಿ ಮುಖ ತಗ್ಗಿಸಿದರು. ಮೂರು ಸಲವೂ ಅವರು ಹೇಳಿದ್ದು ಒಂದೇ ಮಾತು: "ಮಗಳು ಮೀಟಿಂಗ್‌ನಲ್ಲಿದಾಳೆ, ಆಮೇಲೆ ಬನ್ರಪ್ಪ." ನನ್ನ ರೂಮಿನ ಬಾಗಿಲ ಮೇಲೆ 'ಡಿಸ್ಟರ್ಬ್ ಮಾಡಬೇಡಿ' ಅಂತ ಚೀಟಿ ಅಂಟಿಸಿದ್ದು ನಾನೇ. ಕಾರಿನ ಕೀ ಇದ್ದದ್ದು ನನ್ನ ಬ್ಯಾಗಿನಲ್ಲಿ.

ಅವರು ಒಂದು ಹಳೇ ನೋಟ್‌ಬುಕ್ ತೆಗೆದು ತೋರಿಸಿದರು. ನನ್ನ ದೂರಿನ ನಂಬರ್ ಮುಂದೆ ಪೆನ್ಸಿಲ್‌ನಲ್ಲಿ ಬರೆದಿತ್ತು: "ಕಾರ್ ಅಡ್ಡ ಇದೆ. ಕೆಲಸ ಆಗಿಲ್ಲ." ಅದೇ ಸಾಲು ಆಫೀಸಿನ ಕಂಪ್ಯೂಟರ್‌ಗೆ ಹೋಗುವಷ್ಟರಲ್ಲಿ "ಪರಿಹರಿಸಲಾಗಿದೆ" ಆಗಿತ್ತು. ಅದು ಅವರ ತಪ್ಪು. ಆದರೆ ಪೆನ್ಸಿಲ್ ಸಾಲಿನ ಮೊದಲ ಪದ ನನ್ನದು.

ಎಲ್ಲ ಹೇಗೆ ಆಯಿತು ಅಂತ ಅವರೇ ಬಿಡಿಸಿ ಹೇಳಿದರು. ಚೇಂಬರ್ ಕಟ್ಟಿಕೊಂಡು ಕೊಳಚೆ ನೀರು ಪಕ್ಕದ ಚರಂಡಿಗೆ ಉಕ್ಕುತ್ತಿತ್ತು. ಮೇನ್ ಲೈನಿಂದ ನಮ್ಮ ಮನೆಗಳಿಗೆ ಬರುವ ಹಳೇ ಜಿಐ ಪೈಪುಗಳು ಅದೇ ಚರಂಡಿಯೊಳಗಿಂದ ಹಾದುಬರುತ್ತವೆ. ತುಕ್ಕು ಹಿಡಿದು ಸಣ್ಣ ಸಣ್ಣ ತೂತು. ನೀರು ಬಿಟ್ಟಾಗ ತೂತಿನಿಂದ ಒಳಗಿನ ನೀರು ಹೊರಗೆ ಚಿಮ್ಮುತ್ತೆ. ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತೆ. ಮೂರು ದಿನ ಅಲ್ಲೇ ಕೂತಿದ್ದು, ಮತ್ತೆ ನೀರು ಬಿಟ್ಟಾಗ ಮೊದಲ ಹತ್ತು ನಿಮಿಷದಲ್ಲಿ ನಲ್ಲಿಗೆ ಬರುತ್ತೆ. ಮೇಲೆ ಮೋಟಾರ್ ಹಾಕಿ ಎಳೆದರಂತೂ ಮುಗೀತು. ನಮ್ಮ ಕ್ರಾಸಿನಲ್ಲಿ ಮೋಟಾರ್ ಹಾಕದವರೇ ಇಲ್ಲ.

ಅವತ್ತೇ ಕಾರು ತೆಗೆದೆ. ಎದುರು ಮನೆಯವರಿಗೂ ಹೇಳಿದೆ, ಗೂಡ್ಸ್ ಆಟೋದವರಿಗೂ ಹೇಳಿದೆ. 'ನಿಮ್ಮ ಕಾರು ತೆಗೀರಿ' ಅನ್ನುವ ಬದಲು 'ನನ್ನ ಕಾರು ಚೇಂಬರ್ ಮೇಲೆ ನಿಂತಿತ್ತು, ಅದಕ್ಕೇ ಅಮ್ಮನಿಗೆ ಹೀಗಾಯ್ತೇನೋ' ಅಂತ ಹೇಳಿದ್ದಕ್ಕೋ ಏನೋ, ಯಾರೂ ಜಗಳ ಆಡಲಿಲ್ಲ. ಮೂರನೇ ಮನೆಯವರು ಆಗ ಬಾಯಿಬಿಟ್ಟರು, ಅವರ ಮೊಮ್ಮಗನಿಗೂ ಹೋದ ತಿಂಗಳು ಕಾಮಾಲೆ ಆಗಿತ್ತು. ನೆಲನೆಲ್ಲಿ ರಸ ಕುಡಿಸಿ ಸುಮ್ಮನಾಗಿದ್ದರಂತೆ. ಆ ಭಾನುವಾರ ಇಡೀ ಕ್ರಾಸ್ ಖಾಲಿ. ಮಷಿನ್ ಬಂತು, ಚೇಂಬರ್ ಕ್ಲೀನ್ ಆಗೋಕೆ ಹಿಡಿದದ್ದು ಒಂದು ಗಂಟೆ ಕೂಡ ಇಲ್ಲ.

ಚರಂಡಿ ಪಕ್ಕ ಅಗೆದಾಗ ನಮ್ಮ ಮನೆ ಪೈಪು ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯಿತು. ಮನೆ ಸಂಪರ್ಕದ ಪೈಪಿನ ರಿಪೇರಿ ನಮ್ಮದೇ ಖರ್ಚು ಅಂತ ನನಗೆ ಗೊತ್ತಾಗಿದ್ದೂ ಆಗಲೇ. ಐದು ಮನೆಯವರು ಸೇರಿ ಹೊಸ ಪೈಪು ಹಾಕಿಸಿ, ಚರಂಡಿಯ ತಳದಿಂದ ಮೇಲಕ್ಕೆ ಎತ್ತಿಸಿದೆವು.

ನಮ್ಮ ಪಾಲು ಮುಗಿದ ಮೇಲೆ ಆಫೀಸಿನ ಪಾಲು ಕೇಳೋಣ ಅನ್ನಿಸಿತು. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಕೇಳಿದ್ದು ಇಷ್ಟೇ: ಕಳೆದ ಮೂರು ತಿಂಗಳಲ್ಲಿ ನಮ್ಮ ವಾರ್ಡಿನ ನಲ್ಲಿ ನೀರಿನ ಕ್ಲೋರಿನ್ ಪರೀಕ್ಷೆ ಮಾಡಿದ ರಿಜಿಸ್ಟರ್ ಪ್ರತಿ. ಮನೆ ನಲ್ಲಿವರೆಗೆ ಬಂದಾಗಲೂ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ಮಾನಕ. ದಾರಿಯಲ್ಲಿ ಕೊಳಚೆ ಸೇರಿದರೆ ಕ್ಲೋರಿನ್ ಅದರ ಜೊತೆ ಸೆಣಸಿ ಖರ್ಚಾಗಿಹೋಗುತ್ತೆ. ಅದಕ್ಕೇ ಟ್ಯಾಂಕಿನಲ್ಲಿ ನೋಡಿದರೆ ಸಾಲದು, ಕೊನೇ ಮನೆಯ ನಲ್ಲಿಯಲ್ಲೂ ನೋಡಬೇಕು.

ಮೂವತ್ತು ದಿನದ ಗಡುವಿಗೆ ಎರಡು ದಿನ ಬಾಕಿ ಇದ್ದಾಗ ಹಿಂಬರಹ ಬಂತು. ಟ್ಯಾಂಕಿನ ಪರೀಕ್ಷೆ ತಪ್ಪದೆ ಆಗಿತ್ತು. ನಮ್ಮ ವಾರ್ಡಿನ ಮನೆಗಳಲ್ಲಿ ಒಂದೂ ಆಗಿರಲಿಲ್ಲ.

ಆ ಪ್ರತಿ ಹಿಡಿದುಕೊಂಡು ಮತ್ತೆ ಹೋದೆ. ಈ ಸಲ ಐದು ಮನೆಯವರೂ ಜೊತೆಗಿದ್ದರು, ನೀರುಗಂಟಿಯ ನೋಟ್‌ಬುಕ್ಕಿನ ವಿಷಯ ಮಾತ್ರ ನಾನು ಎತ್ತಲಿಲ್ಲ, ಅವರ ಕೆಲಸಕ್ಕೆ ಕುತ್ತು ಬರಬಾರದು. ಜೆಇ ಸಾಹೇಬರು ರಿಜಿಸ್ಟರ್ ನೋಡಿದರು, ನಮ್ಮನ್ನು ನೋಡಿದರು. ಹೆಲ್ತ್ ಇನ್ಸ್‌ಪೆಕ್ಟರ್‌ಗೆ ಅಲ್ಲೇ ಫೋನ್ ಮಾಡಿದರು. ಮರುದಿನ ಒಬ್ಬರು ಬಂದು ನಮ್ಮ ನಲ್ಲಿ ನೀರಿಗೆ ಎರಡು ಹನಿ ದ್ರಾವಣ ಹಾಕಿದರು. ತಿಳಿ ಹಳದಿ ಬಣ್ಣ ಬಂತು. ಕ್ಲೋರಿನ್ ಇದೆ ಅಂತ ಅರ್ಥ. ಒಂದು ಪುಟ್ಟ ಬಾಟಲಿಯಲ್ಲೂ ನೀರು ತುಂಬಿಸಿಕೊಟ್ಟು, "ಎರಡು ದಿನ ಇಡಿ, ಕಪ್ಪಾದರೆ ಫೋನ್ ಮಾಡಿ" ಅಂದರು. ಕೊಳಚೆಯ ಬ್ಯಾಕ್ಟೀರಿಯಾ ಇದ್ದರೆ ಅದು ಕಪ್ಪಾಗುತ್ತೆ. ಅಮ್ಮ ಅದನ್ನು ದೇವರ ಮನೆ ಗೂಡಿನಲ್ಲಿಟ್ಟು ಗಳಿಗೆಗೊಮ್ಮೆ ನೋಡುತ್ತಿದ್ದಳು. ಕಪ್ಪಾಗಲಿಲ್ಲ.

ಅಮ್ಮ ಸುಧಾರಿಸಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಈಗಲೂ ಮಧ್ಯಾಹ್ನದ ಹೊತ್ತಿಗೆ ಸುಸ್ತು ಅಂತ ಮಲಗುತ್ತಾಳೆ. ಕುಡಿಯೋಕೆ, ಬಾಯಿ ಮುಕ್ಕಳಿಸೋಕೆ, ತರಕಾರಿ ತೊಳೆಯೋಕೆ ಎಲ್ಲಕ್ಕೂ ಕುದಿಸಿ ಆರಿಸಿದ ನೀರೇ. ಮನೆಗಳಲ್ಲಿ ಪರೀಕ್ಷೆ ತಿಂಗಳಿಗೊಮ್ಮೆ ಮಾಡ್ತೀವಿ ಅಂದಿದ್ದರು. ಎರಡು ತಿಂಗಳು ಬಂದರು, ಮೂರನೇ ತಿಂಗಳು ನಾನೇ ಫೋನ್ ಮಾಡಿ ಕರೆಸಬೇಕಾಯಿತು. ನೋ ಪಾರ್ಕಿಂಗ್ ಪ್ರಸ್ತಾವ ಇನ್ನೂ ಯಾವುದೋ ಟೇಬಲ್ ಮೇಲಿದೆ.

ನನ್ನ ಕಾರು ಈಗ ಎರಡು ಬೀದಿ ಆಚೆ ಒಬ್ಬರ ಖಾಲಿ ಸೈಟಿನಲ್ಲಿ ನಿಲ್ಲುತ್ತೆ, ತಿಂಗಳಿಗೆ 800 ರೂಪಾಯಿ ಬಾಡಿಗೆ. ಮಳೆ ಬಂದಾಗ ಅಲ್ಲಿಯವರೆಗೆ ನಡೆಯೋಕೆ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ. ಚೇಂಬರ್ ಸುತ್ತ ಮೂರನೇ ಮನೆಯ ಮೊಮ್ಮಗ ಹಳದಿ ಪೇಂಟಿನಲ್ಲಿ ಚೌಕ ಎಳೆದಿದ್ದಾನೆ. ಹೋದ ವಾರ ಅದರ ಮೇಲೆ ಯಾರದೋ ಹೊಸ ಕಾರು ನಿಂತಿತ್ತು. ಮೀಟಿಂಗ್ ನಡೀತಿತ್ತು. ಮ್ಯೂಟ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು, ಅದು ಯಾರ ಮನೆಗೆ ಬಂದವರದು ಅಂತ ವಿಚಾರಿಸೋಕೆ ಹೊರಟೆ.

ನಿಮ್ಮ ಬೀದಿಯ ಚೇಂಬರ್ ಎಲ್ಲಿದೆ? ಸಂಜೆ ಮನೆಗೆ ಹೋದಾಗ ಒಂದು ಸಲ ಬಗ್ಗಿ ನೋಡಿ.