ಗಾಳಿಯಲ್ಲಿ ನಿಂತ ಹಕ್ಕಿ

ಯಾರೋ ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ. ಫೋನ್ ಹಿಡಿದು ಹುಡುಕಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಡಬೇಕು. ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ. 2000ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿದ ಒಂದೆರಡು ದಿನಗಳಲ್ಲೇ ಒರೆಗಾನ್‌ನಲ್ಲಿ ಈ ಆಟ ಶುರುವಾಯಿತು. ವಾರವೆಲ್ಲ ಡೆಡ್‌ಲೈನ್ ಕಾಯುವ ನನಗೆ, ತಡವಾದರೂ ಯಾರೂ ಕೇಳದ ಈ ಕೆಲಸ ಹಿತ.

ಡಿಸೆಂಬರ್‌ನ ಒಂದು ಭಾನುವಾರ ಮಗಳ ಜೊತೆ ಪುಣೆಯ ವೇತಾಳ ಟೇಕಡಿ ಹತ್ತಿದ್ದೆ. ಗೊಬ್ಬರದ ಗಿಡಗಳ ನಡುವೆ ಫೋನಿನ ಮುಳ್ಳು ಒಮ್ಮೆ ನಾಲ್ಕು ಮೀಟರ್ ಅನ್ನುತ್ತಿತ್ತು, ಒಮ್ಮೆ ಹನ್ನೊಂದು. ನಾನು ಕಲ್ಲುಗಳ ಸಂದಿಗೆ ಕೈ ಹಾಕುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಅದು ಡ್ರೋನಾ?"

ಹುಲ್ಲುಗಾವಲಿನ ಮೇಲೆ ಬೆಳ್ಳಗಿನದೊಂದು ನಿಂತಿತ್ತು. ನಿಜವಾಗಿಯೂ ನಿಂತಿತ್ತು! ರೆಕ್ಕೆ ಬಡಿಯುತ್ತಿತ್ತು, ಆದರೆ ಇದ್ದಲ್ಲಿಂದ ಸರಿಯುತ್ತಿರಲಿಲ್ಲ. ಆಮೇಲೆ ರೆಕ್ಕೆಗಳನ್ನು ಮೇಲಕ್ಕೆತ್ತಿ, ಕಾಲು ಇಳಿಬಿಟ್ಟು, ಮೆಟ್ಟಿಲು ಇಳಿದಂತೆ ತಡೆತಡೆದು ಇಳಿದು ಹುಲ್ಲಿನಲ್ಲಿ ಮಾಯವಾಯಿತು. ಎದ್ದು ಬೋಳು ಮರದ ಮೇಲೆ ಕೂತಾಗ ಕಂಡದ್ದು ಬೂದು ಬೆನ್ನು, ಹೆಗಲ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು. ವಾಕಿಂಗ್ ಬಂದಿದ್ದ ಅಜ್ಜರೊಬ್ಬರು "ಕಾಪಶೀ ಘಾರ" ಅಂದರು. ಹತ್ತಿಯಂಥ ಹದ್ದು. ಒಳ್ಳೆಯ ಹೆಸರು.

"ಕನ್ನಡದಲ್ಲಿ ಏನಂತಾರೆ?" ಮಗಳ ಪ್ರಶ್ನೆ. ನನಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದೆ.

"ಸಹಿ ಮಾಡಾಕ ಯಾವಾಗ ಬರ್ತಿ?" ಅಪ್ಪ ಎತ್ತಿದವನೇ ಕೇಳಿದ. ತಪ್ಪು ಅವನದಲ್ಲ. ಆರು ತಿಂಗಳಿಂದ ನಾನು ಫೋನ್ ಮಾಡಿದ್ದೆಲ್ಲ ಅದಕ್ಕೇ. ಇಲ್ಲಿಯ ಫ್ಲ್ಯಾಟಿನ ಸಾಲ ತೀರಿಸಲು ಗದಗದ ಹತ್ತಿರದ ನಾಲ್ಕು ಎಕರೆ ಎರಿ ಹೊಲ ಮಾರೋಣ ಅಂದವನು ನಾನೇ. ಅವನು ಬೇಡ ಅಂದಿರಲಿಲ್ಲ. ಹೂಂ ಅಂದದ್ದೂ ನೆನಪಿಲ್ಲ.

"ಅದಲ್ಲಪ್ಪಾ, ಒಂದು ಹಕ್ಕಿ..." ಎಂದು ವಿವರಿಸಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಗಾಳ್ಯಾಗ ನಿಂದ್ರತೈತಲ್ಲ, ಅದನ? ನಮ್ಮ ಬದುವಿನ ಜಾಲಿ ಗಿಡದಾಗ ಈಗೂ ಜೋಡಿ ಅದಾವ. ಜ್ವಾಳದಾಗ ಇಲಿ ಆದ್ರ ಅವಕ್ಕ ಹಬ್ಬ. ಹೆಸರು ಏನೋಪಾ, ನಾವೇನು ಇಟ್ಟಿಲ್ಲ." ಆಮೇಲೆ ನಕ್ಕ. "ನೀ ಸಣ್ಣಾಂವ ಇದ್ದಾಗ ಅದನ್ನ ನೋಡಿ, ಯಾರದೋ ಗಾಳಿಪಟ ಹರಕೊಂಡು ಬಂದೈತಿ, ಹಿಡಕೊಡು ಅಂತ ಹೊಲದ ತುಂಬ ಅತ್ತಿದ್ದಿ."

ನನಗೆ ಚೂರೂ ನೆನಪಿಲ್ಲ. ಸ್ಪೀಕರಿನಲ್ಲಿ ಕೇಳುತ್ತಿದ್ದ ಮಗಳು, "ಅಜ್ಜಾ, ನಾನೂ ನೋಡಬೇಕು" ಅಂದಳು.

"ಲಗೂನ ಬರ್ರಿ ಮತ್ತ. ಕೊಂಡಾಂವ ಆ ಗಿಡ ಇಡ್ತಾನೋ ಇಲ್ಲೋ."

ಡಬ್ಬಿ ಸಿಗಲೇ ಇಲ್ಲ. ಆ್ಯಪ್‌ನಲ್ಲಿ ಹಾಗೆಂದೇ ದಾಖಲಿಸಿ ಇಳಿದೆವು. ರಾತ್ರಿ ಸಂಕ್ರಾಂತಿಗೆ ಊರಿಗೆ ಮೂರು ಟಿಕೆಟ್ ತೆಗೆದೆ. ಸಹಿಯ ಮಾತು ಆಮೇಲೆ ನಾನೂ ಎತ್ತಿಲ್ಲ, ಅಪ್ಪನೂ ಎತ್ತಿಲ್ಲ.