ಕೋಟೆ ಬಿತ್ತು, ತೋಟ ಉಳೀತು!

ಮೈಸೂರಿಗೆ ಹೋಗುವವರು ಈಗೀಗ ಶ್ರೀರಂಗಪಟ್ಟಣದ ಕಡೆ ತಿರುಗಿಯೂ ನೋಡೋದಿಲ್ಲ. 2023ರಲ್ಲಿ ಹೊಸ ಹೆದ್ದಾರಿ ಬಂತು, ಊರಿಗೆ ಬೈಪಾಸ್ ಆಯ್ತು. ಕಾರುಗಳು ಸುಯ್ಯೆಂದು ಹಾರಿಹೋಗುತ್ತವೆ. ಊರೊಳಗೆ ನಿಲ್ಲುವ ಬಸ್ಸು ಹತ್ತಿದವರೇ ಪುಣ್ಯವಂತರು!

“ಅಯ್ಯೋ, ಸ್ಕೂಲ್ ಟೂರಲ್ಲೇ ನೋಡಿದ್ದೀವಿ” ಅಂತೀರಾ? ಸಾಲಾಗಿ ನಿಂತು, ಮೇಷ್ಟ್ರು ಸೀಟಿ ಊದಿದಾಗ ಮತ್ತೆ ಬಸ್ ಹತ್ತಿದ್ದು ನೋಡಿದ ಹಾಗಲ್ಲ ಸ್ವಾಮಿ. ಈ ಊರನ್ನು ಹೊಳೆದಂಡೆಗುಂಟ ನಡೆದೇ ನೋಡ್ಬೇಕು.

ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು ಊರನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ. 1454ರಲ್ಲಿ, ವಿಜಯನಗರದ ಕಾಲದಲ್ಲಿ ತಿಮ್ಮಣ್ಣ ನಾಯಕ ಕಟ್ಟಿಸಿದ ಕೋಟೆ ಇದು. 1610ರಲ್ಲಿ ರಾಜ ಒಡೆಯರ ಕೈಸೇರಿತು. ಹೈದರ್, ಟಿಪ್ಪು ಇನ್ನಷ್ಟು ಬಲಪಡಿಸಿದರು. ಈಗ? ಕಲ್ಲಿನ ಸಂದಿಯಲ್ಲೆಲ್ಲ ಅರಳಿ ಸಸಿ, ಕಂದಕದ ತುಂಬ ಹುಲ್ಲು, ಹುಲ್ಲಿನಲ್ಲಿ ಎಮ್ಮೆಗಳು. ಗೋಡೆ ಒಡೆದ ಜಾಗದ ಹತ್ತಿರ ಒಂದು ಸ್ಮಾರಕ ಕಂಬ. 1799ರ ಮೇ 4ರ ಮಧ್ಯಾಹ್ನ, ಉರಿಬಿಸಿಲಲ್ಲಿ ಇಂಗ್ಲಿಷರ ಪಡೆ ಹೊಳೆ ದಾಟಿ ನುಗ್ಗಿದ್ದು ಇಲ್ಲೇ. ಬೇಸಿಗೆ, ಹೊಳೆಯಲ್ಲಿ ನೀರು ಕಡಿಮೆಯಿತ್ತು. ಇನ್ನೊಂದು ತಿಂಗಳು ಕಳೆದು ಕೊಡಗಿನಲ್ಲಿ ಮಳೆ ಹಿಡಿದಿದ್ದರೆ ಕಾವೇರಿಯೇ ಅವರನ್ನು ತಡೆಯುತ್ತಿದ್ದಳು. ಅದೇ ದಿನ ಟಿಪ್ಪು ಕಾದಾಡುತ್ತಲೇ ಸತ್ತ.

ಕೋಟೆಯೊಳಗಿದ್ದ ಅವನ ಅರಮನೆ ಎಲ್ಲಿ ಅಂತ ಹುಡುಕಬೇಡಿ. ಅಡಿಪಾಯ ಬಿಟ್ಟರೆ ಏನೂ ಇಲ್ಲ. ಶೂಟಿಂಗಿಗೆ ಹೆಸರಾದ ಊಟಿ ಗೊತ್ತಲ್ಲ? ಅಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚಿದೆ. 1829ರಲ್ಲಿ ಅದನ್ನು ಕಟ್ಟಲು ಶುರು ಮಾಡಿದಾಗ ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಅರಮನೆಯ ತೊಲೆಗಳನ್ನೇ ಬೆಟ್ಟ ಹತ್ತಿಸಿದರು!

ಕೋಟೆಯಿಂದ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ದರಿಯಾ ದೌಲತ್ ಬಾಗ್. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಬೇಸಿಗೆ ಮಹಲು. ಸುತ್ತ ಹುಲ್ಲುಹಾಸು, ಹಿಂದೆ ಹೊಳೆ. ಒಳಗೆ ಚಿತ್ರವಿಲ್ಲದ ಒಂದು ಗೇಣು ಜಾಗವೂ ಇಲ್ಲ. ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ: ಮದ್ದಿನ ಬಂಡಿ ಸ್ಫೋಟಿಸುತ್ತಿದೆ, ಇಂಗ್ಲಿಷ್ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕಂಗಾಲು!

ಇಂಗ್ಲಿಷರ ಮಾನ ಕಳೆಯುವ ಚಿತ್ರ ಹೇಗೆ ಉಳೀತು ಅಂತೀರಾ? ತಮಾಷೆ ಅಲ್ಲೇ ಇರೋದು. ಪಟ್ಟಣ ಬಿದ್ದ ಮೇಲೆ ಈ ಮಹಲಿಗೆ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಅದೇ ಆಸಾಮಿ. ಅವನಿಗೆ ತೋಟ ಹಿಡಿಸಿತು. ಆಮೇಲೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಮಾಸಿದ್ದ ಆ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದ. ಸೋತವರೇ ದುಡ್ಡು ಕೊಟ್ಟು ತಮ್ಮ ಸೋಲನ್ನು ಬರೆಸಿದ ಹಾಗಾಯ್ತು!

ಇನ್ನೂ ಮುಂದೆ, ದ್ವೀಪದ ಕೊನೆಯಲ್ಲಿ ಲಾಲ್‌ಬಾಗ್. ಹೈದರ್, ಟಿಪ್ಪು ಇಬ್ಬರ ಗೋರಿ ಇರುವ ಗುಂಬಜ್ ಇಲ್ಲೇ. 1792ರಲ್ಲಿ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸನ ಸೈನ್ಯ, ಫಿರಂಗಿಗೆ ಮರೆ ಕಟ್ಟಲು ಈ ತೋಟದ ಸಾಲುಮರಗಳನ್ನೇ ಕಡಿಯಿತು. ಅರಸನ ಮರಗಳಿಂದಲೇ ಅರಸನ ಕೋಟೆಗೆ ಗಂಡಾಂತರ! ಇವತ್ತು ಅಲ್ಲಿ ಮತ್ತೆ ಮರಗಳ ಸಾಲು, ನೆರಳಲ್ಲಿ ಬುತ್ತಿ ಬಿಚ್ಚಿ ಕೂತ ಸಂಸಾರಗಳು.

ಅಲ್ಲಿಂದ ಸಂಗಮ ಹತ್ತಿರ. ಕಾವೇರಿಯ ಎರಡೂ ಕವಲು ಮತ್ತೆ ಕೂಡುವ ಜಾಗ. ಚುರುಮುರಿ ಮಾರುವ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೂದಿ ಬಿಡಾಕ್ ಬಂದ್ಯಾ ಮಗಾ?” ಅಂತ ಕೇಳಿದರು. “ಇಲ್ಲಜ್ಜಿ, ಸುಮ್ನೆ ನೋಡೋಕೆ” ಅಂದೆ. “ಸುಮ್ನೆ ಬರೋರೇ ಇಲ್ಲ ಕಣಪ್ಪ. ಬಂದೋರು ಬಟ್ಟೆ, ಬಾಟ್ಲಿ ಎಲ್ಲಾ ಇಲ್ಲೇ ಬಿಸಾಕಿ ಹೋಯ್ತಾರೆ” ಅಂದರು. ಸುಳ್ಳಲ್ಲ. ಮೆಟ್ಟಿಲ ಬುಡದಲ್ಲೇ ರಾಶಿ ಬಿದ್ದಿತ್ತು.

ಉಳಿಸಬೇಕು ಅನ್ನಿಸಿದರೆ ನಮಗೂ ಬರುತ್ತೆ. ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯಲಿಲ್ಲ. ಇಡೀ ಕಟ್ಟಡವನ್ನೇ ಎತ್ತಿ, ನೂರು ಮೀಟರ್‌ನಷ್ಟು ಆಚೆ ಕೂರಿಸಿದರು! ಅಷ್ಟು ಭಾರ ಎತ್ತಿದ ನಾಡಿಗೆ ಹೊಳೆದಂಡೆಯ ಬಾಟಲಿ ಎತ್ತೋದು ಕಷ್ಟವೇ?

ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಡಿ. ಖಾಲಿ ಬುತ್ತಿ ಜೊತೆ ಖಾಲಿ ಬಾಟಲಿಯೂ ವಾಪಸ್ ಬರಲಿ.